ಉಜ್ಜಪ್ಪನ ಉದ್ದನೆಯ ಬೀಸು

ಭಾವನನ್ನು ಒಲಿಸಿಕೊಳ್ಳಲು ಕೋಳಿಯೇ ಸಾಕಾಗುತ್ತಿತ್ತು. ಜಡೆ ಊರಿನ ಉಜ್ಜಪ್ಪನಿಗೆ ಮೀನೇ ಆಗಬೇಕಿತ್ತು. ಕೆಟ್ಟದ್ದೆಲ್ಲ ಅಲ್ಲಿಯೇ.

ಹಟಕ್ಕೆ ಕಾರಣವಿತ್ತು. ಅವನ ಮದುವೆಯ ಬೀಗರೂಟದಲ್ಲಿ, ಹೆಂಡತಿಯ ಅಣ್ಣ ಗುತ್ಯಪ್ಪನ ಎಲೆಯ ಹತ್ತಿರ ಬರುವ ಹೊತ್ತಿಗೆ ಮೀನಿನ ಪಾತ್ರೆಯ ತಳ ಕಂಡಿತ್ತು. ಎಲೆ ಮಡಚಿ ಎದ್ದು ಶಿಕಾರಿಪುರಕ್ಕೆ ಹೋದ ಆ ಮನುಷ್ಯ ಮತ್ತೆ ತಂಗಿಯ ಮನೆಯಲ್ಲಿ ಒಂದು ತುತ್ತು ಮುಟ್ಟಿರಲಿಲ್ಲ. ಈಗ, ಊರೆಲ್ಲ ಒಟ್ಟಿಗೆ ಬುಟ್ಟಿ ಹಿಡಿದು ನೀರಿಗೆ ಬೀಳುವ ಕೆರೆಬೇಟೆಗೆ, ಹಿಂದಿನ ಸಂಜೆಯೇ ಬರುತ್ತೇನೆಂದು ಹೇಳಿಕಳಿಸಿದ್ದ. ಅಂದಿನಿಂದ ವರದಮ್ಮ ಸಾರಿಸಿದ ನೆಲವನ್ನೇ ಸಾರಿಸುತ್ತಿದ್ದಳು.

“ಹುಂಜ ಐತಲ್ರೀ, ಕುಯ್ದು ಸಾರು ಮಾಡ್ತೀನಿ.”

“ಮೀನಿಂದ ಕೆಟ್ಟಿದ್ದು ಮೀನಿಂದ್ಲೇ ಸರಿಯಾಗ್ಬೇಕು ಕಣೇ.”

“ಕೆರೆಬೇಟೆ ತಮಟೆ ಬಾರಿಸೋ ತನಕ ಯಾರೂ ನೀರಿಗೆ ಇಳಿಯಂಗಿಲ್ಲ. ಮೀನೇನು ನಡ್ಕೊಂಡು ಬರ್ತದಾ?”

ಉಜ್ಜಪ್ಪನ ಬಳಿ ಉಪಾಯವಿತ್ತು. ವರ್ಗವಾಗಿ ಹೋದ ಅರಣ್ಯ ಇಲಾಖೆಯ ಸಾಹೇಬರೊಬ್ಬರು ತಮ್ಮ ಗಾಳದ ಬೆತ್ತವನ್ನು ಅವನಿಗೆ ಕೊಟ್ಟು ಹೋಗಿದ್ದರು. ಅದಕ್ಕೆ ಎರೆಹುಳ ಬೇಡ. ಪುಕ್ಕ ಸುತ್ತಿದ ಹುಸಿ ನೊಣವನ್ನು ದೂರಕ್ಕೆ ಬೀಸಿ ನೀರಿನ ಮೇಲೆ ಕೂರಿಸಬೇಕು. ಏರಿಯ ಮೇಲೆ ನಿಂತು ಬೀಸಿದರೆ ಕಾಲೂ ನೆನೆಯದು, ಕಟ್ಟಳೆಯೂ ಮುರಿಯದು (ಇದು ಅವನದೇ ಉಚ್ಚ ನ್ಯಾಯಾಲಯದ ತೀರ್ಪು).

ಅಂಗಳದಲ್ಲಿ ಮಹಾಭ್ಯಾಸ ಶುರುವಾಯಿತು. ಮೊಣಕೈ ಪಕ್ಕೆ ಬಿಟ್ಟು ಏಳಬಾರದೆಂದು ಕಂಕುಳಲ್ಲಿ ತೆಂಗಿನಕಾಯಿ ಇಟ್ಟುಕೊಂಡ.

“ಮೀನಿಗೆ ಹಣ್ಣುಕಾಯಿ ಮಾಡ್ಸೋಕೇನ್ರೀ ಅದು?”

“ಸುಮ್ನಿರೇ. ದಾರ ಹಿಂದಕ್ಕೆ ಹೋಗಿ ಪೂರ್ತಿ ಬಿಚ್ಕೋಬೇಕು. ಕೈಗೆ ಸಣ್ಣಗೆ ಭಾರ ಗೊತ್ತಾಗ್ತದೆ. ಆವಾಗ ಮುಂದಕ್ಕೆ ಬೀಸ್ಬೇಕು. ಅವಸರ ಮಾಡಿದ್ರೆ ಕಾಲ್ಬುಡಕ್ಕೇ ಬೀಳ್ತದೆ.”

ಬಹಳ ದಿನ ಕಾಲ್ಬುಡಕ್ಕೇ ಬಿತ್ತು. ಆಮೇಲೆ ತುಳಸಿಕಟ್ಟೆ ದಾಟಿತು, ಬೇಲಿಯನ್ನೂ ದಾಟಿತು. ನೊಣಗಳಿಗೆ ಪುಕ್ಕ ಒದಗಿಸಿ ಹುಂಜದ ಬಾಲ ಮಾತ್ರ ಗಿಡ್ಡವಾಯಿತು.

ಕೆರೆಬೇಟೆಯ ಹಿಂದಿನ ಸಂಜೆ ಉಜ್ಜಪ್ಪ ಏರಿಯ ಮೇಲೆ ನಿಂತ. ಕೆರೆಯ ನಡುವೆ ಮೀನೊಂದು ಚಿಮ್ಮಿತು. ಮೊದಲ ಬೀಸು ಹುಲ್ಲಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು, ದಾರವನ್ನು ಮತ್ತೆ ಹಿಂದಕ್ಕೆ ಬಿಟ್ಟು, ಉಸಿರು ಹಿಡಿದು ಕಾದ. ಕೈಗೆ ಭಾರ ತಿಳಿಯಿತು. ಅಂಗಳದಲ್ಲಿ ಎಂದೂ ತಿಳಿಯದಷ್ಟು ತುಂಬು ಭಾರ. ಸಾಹೇಬರು ಹೇಳಿದ್ದು ಇದೇ ಎಂದು ಅವನಿಗೆ ಕಣ್ಣು ತುಂಬಿ ಬಂತು. ಇದ್ದಬದ್ದ ಬಲವನ್ನೆಲ್ಲ ಹಾಕಿ ಬೀಸಿದ.

ಜರಿಯಂಚಿನ ಬಿಳಿ ರುಮಾಲೊಂದು ಅವನ ತಲೆಯ ಮೇಲಿಂದ ಕೊಕ್ಕರೆಯಂತೆ ಹಾರಿ, ಸುರುಳಿ ಬಿಚ್ಚಿಕೊಳ್ಳುತ್ತಾ, ಕೆರೆಯ ನಡುವೆ ಹೋಗಿ ಕೂತಿತು. ಗಾಳ ಕಳಚಿಕೊಂಡು ಬರಿದೇ ಹಿಂದಿರುಗಿತು. ಉಜ್ಜಪ್ಪ ತಿರುಗಿ ನೋಡಿದ. ಬಸ್ಸಿಳಿದು ಏರಿಯ ಮೇಲೆ ನಡೆದು ಬಂದಿದ್ದ ಗುತ್ಯಪ್ಪ, ತಂಗಿಗೆ ತಂದ ಮಂಡಕ್ಕಿ ಚೀಲ ಹಿಡಿದು, ಬರಿದಲೆಯಲ್ಲಿ ನಿಂತಿದ್ದ.

“ಅವತ್ತು ಎಲಿ ಖಾಲಿ ಬಿಟ್ರಿ, ಇವತ್ತು ತಲಿ ಖಾಲಿ ಮಾಡಿದ್ರಿ, ಉಜ್ಜಪ್ನೋರೇ.”

“ಭಾವ, ಈಗ್ಲೇ ಇಳಿದು ತರ್ತೀನಿ.”

ಕೆರೆ ಕಾಯುತ್ತಿದ್ದ ಬಂಗಾರಪ್ಪ ಕೋಲು ಅಡ್ಡ ಹಿಡಿದ. “ನಾಳೆ ತಮಟೆ ಆಗೋ ತನಕ ಯಾರೂ ನೀರಿಗೆ ಕಾಲಿಡಂಗಿಲ್ಲ.”

ರುಮಾಲಿಲ್ಲದೆ ಬಸ್ಸು ಹತ್ತಲಾಗದೆ ಗುತ್ಯಪ್ಪ ತಂಗಿಯ ಮನೆಯ ಜಗಲಿಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಕೂತ. ಹುಂಜದ ಸಾರು ಘಮಘಮಿಸಿತು. ವರದಮ್ಮ ಕರೆದಳು, ಕೈ ಹಿಡಿದೂ ಕರೆದಳು.

“ಉಣ್ಣಾಕಂತಾನೇ ಬಂದಿದ್ದೆ ತಂಗಿ,” ಎಂದ. “ಬರಿದಲೀಲಿ ಎಲಿ ಮುಂದೆ ಹೆಂಗೆ ಕೂರ್ಲಿ?”

ಬೆಳಿಗ್ಗೆ ತಮಟೆ ಬಾರಿಸಿದಾಗ ಎಲ್ಲರಿಗಿಂತ ಮೊದಲು ನೀರಿಗಿಳಿದವನು ಗುತ್ಯಪ್ಪನೇ. ರುಮಾಲು ಹಿಂಡಿ, ಒದ್ದೆಯದನ್ನೇ ಸುತ್ತಿಕೊಂಡು, ಈ ಸಲವೂ ತುತ್ತು ಮುಟ್ಟದೆ ಬಸ್ಸಿನ ದಾರಿ ಹಿಡಿದ. ಏರಿಯ ಮೇಲೆ ಊರ ಜನ ಉಜ್ಜಪ್ಪನನ್ನು ಮುತ್ತಿಕೊಂಡರು: “ಅಷ್ಟು ದೂರ ಹೆಂಗೆ ಹಾರಿಸಿದ್ರಿ? ನಮಗೂ ಒಂಚೂರು ಕಲ್ಸಿ.” ಹುಟ್ಟಿದಾಗಿನಿಂದ ಅಷ್ಟು ಹೊಗಳಿಕೆ ಅವನು ಕೇಳಿರಲಿಲ್ಲ.

ಮನೆಗೆ ಬಂದರೆ ವರದಮ್ಮ ಅಂಗಳದಲ್ಲಿ ಕೆರೆಬೇಟೆಯಿಂದ ಪಾಲಿಗೆ ಬಂದ ಮೀನಿನ ಹುರುಪೆ ತೆಗೆಯುತ್ತಿದ್ದಳು. ತಲೆಯೆತ್ತಲಿಲ್ಲ.

“ಇಷ್ಟೆಲ್ಲ ಹೇಳ್ಕೊಟ್ಟ ಸಾಹೇಬ್ರು, ಬೀಸೋಕೆ ಮುಂಚೆ ಹಿಂದೆ ಯಾರಿದ್ದಾರೆ ನೋಡು ಅಂತ ಹೇಳ್ಲಿಲ್ವೇನ್ರೀ?”

ಹೇಳಿದ್ದರು. ಎಲ್ಲಕ್ಕಿಂತ ಮೊದಲು ಅದನ್ನೇ ಹೇಳಿದ್ದರು. ಅಂಗಳದಲ್ಲಿ ಅವನ ಹಿಂದೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಅದೊಂದನ್ನು ಅಭ್ಯಾಸ ಮಾಡಿರಲಿಲ್ಲ.