ಕೆಂಪು ದೀಪದಲ್ಲಿ ರಾಜ

ಹಟ ಹಿಡಿದು ರಾಜನ ಪಾತ್ರ ಗಿಟ್ಟಿಸಿಕೊಂಡ ಗುಮಾಸ್ತನಿಗೆ, ಕಚೇರಿಯ ವಾರ್ಷಿಕೋತ್ಸವದ ದಿನ ಬೆಳಗಾದರೂ ಮಾತು ಬಾಯಿಗೆ ಬಂದಿರಲಿಲ್ಲ. ಮೊದಲು ನೆನಪಾದರೆ ಕೊನೆ ಮರೆಯುತ್ತಿತ್ತು, ಕೊನೆ ನೆನಪಾದರೆ ತಾನು ರಾಜನೆಂಬುದೇ ಮರೆಯುತ್ತಿತ್ತು. ಪಾತ್ರ ಬಿಡುವ ಹಾಗೂ ಇರಲಿಲ್ಲ. ಸೇನಾಪತಿಯ ವೇಷ ಸಾಕ್ಷಾತ್ ಮ್ಯಾನೇಜರ್ ಸಾಹೇಬರದು. ನಾಟಕ ಗೆದ್ದರೆ, ಶೌಚಾಲಯದ ಬಾಗಿಲಿಗೆ ಅಂಟಿಕೊಂಡಿರುವ ಅವನ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸುವುದಾಗಿ ಅವರು ಮಾತು ಕೊಟ್ಟಿದ್ದರು.

"ಸಿಂಹಾಸನದ ಪಕ್ಕ ಬಿಳಿ ಕಂಬ ಇದೆಯಲ್ಲ, ಅದರ ಮೇಲೆ ಬರ್ಕೊಂಡ್ಬಿಡಿ," ಎಂದಳು ಟೈಪಿಸ್ಟ್.

ಗುಮಾಸ್ತನಿಗೆ ಹೋದ ಜೀವ ಬಂದ ಹಾಗಾಯಿತು. ಕೈಗೆ ಸಿಕ್ಕ ಹಳದಿ ಬಣ್ಣದಲ್ಲಿ ಮಾತೆಲ್ಲ ಬರೆದು, ಸಿಂಹಾಸನದಲ್ಲಿ ಕೂತು ನೋಡಿದರೆ ಕಂಬ ತೊಳೆದಿಟ್ಟ ಹಾಗಿದೆ!

"ಬಿಳಿ ಮೇಲೆ ಹಳದಿ ಬರೆದ್ರೆ ಯಾರಿಗ್ರೀ ಕಾಣತ್ತೆ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ ಕ್ಯಾಷಿಯರ್. ನಾಟಕದ ದೀಪಗಳ ಉಸ್ತುವಾರಿ ಅವನದು. ಹಾಗಾಗಿ ಬೆಳಗಿನಿಂದ ಬಣ್ಣದ ವಿಷಯಕ್ಕೆಲ್ಲ ತಾನೇ ಪಂಡಿತನೆಂಬ ಠೀವಿ.

"ಹಾಗಾದ್ರೆ ಕಪ್ಪಲ್ಲಿ ಬರೀಲಾ?"

"ಅಯ್ಯೋ, ಬೇಡ! ಮುಂದಿನ ಸಾಲಲ್ಲಿರೋ ಮಕ್ಕಳೂ ಓದಿ ಹೇಳ್ತಾವೆ, ಮಾನ ಹೋಗತ್ತೆ," ಎಂದು ಟೈಪಿಸ್ಟ್ ತಡೆದಳು. "ಕೆಂಪಲ್ಲಿ ತೆಳ್ಳಗೆ ಬರೀರಿ. ನಿಮಗೆ ಅಕ್ಷರ, ದೂರದವರಿಗೆ ಹೂಬಳ್ಳಿ."

ಬರೆದು ನೋಡಿದ. ಒಂದೊಂದು ಅಕ್ಷರವೂ ಎದ್ದು ಕಾಣುತ್ತಿತ್ತು! ಗುಮಾಸ್ತ ಅಲ್ಲೇ ಕುಣಿದುಬಿಟ್ಟ.

ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ದೃಶ್ಯದಲ್ಲಿ ಗುಮಾಸ್ತ ಕಂಬದ ಕಡೆ ಓರೆಗಣ್ಣು ಬಿಟ್ಟುಕೊಂಡು ನೀರು ಕುಡಿದಷ್ಟು ಸಲೀಸಾಗಿ ಗುಡುಗಿದ. "ನಮ್ಮನೆಯವರು!" ಎಂದು ಹೆಂಡತಿ ಅಕ್ಕಪಕ್ಕದವರಿಗೆಲ್ಲ ಹೇಳಿದಳು.

ಎರಡನೆಯ ದೃಶ್ಯ, ಯುದ್ಧ ಮುಗಿದ ಮೇಲಿನ ಆಸ್ಥಾನ. ಸೇನಾಪತಿ ಬಂದು ಮಂಡಿಯೂರಿದರು. ಯುದ್ಧದ ಕಾವು ಇನ್ನೂ ಸ್ವಲ್ಪ ಇರಲಿ ಎಂದು ಕ್ಯಾಷಿಯರ್‌ಗೆ ಯಾಕೆ ಅನ್ನಿಸಿತೋ, ಇದ್ದ ದೀಪಗಳನ್ನೆಲ್ಲ ಕೆಂಪು ಮಾಡಿದ.

ರಾಜ ಕಂಬ ನೋಡಿದ. ಕಂಬವೂ ಕೆಂಪು, ಅಕ್ಷರವೂ ಕೆಂಪು. ಒಂದೇ ಒಂದು ಪದ ಕಾಣುತ್ತಿಲ್ಲ! ಬೆನ್ನ ಹಿಂದೆ ಕೈಯಾಡಿಸಿ, ದೀಪ ಬದಲಿಸೆಂದು ಸನ್ನೆ ಮಾಡಿದ. ಪರದೆಯ ಮರೆಯಲ್ಲಿದ್ದ ಕ್ಯಾಷಿಯರ್, ಇನ್ನಷ್ಟು ಬೇಕೆನ್ನುತ್ತಿದ್ದಾನೆಂದುಕೊಂಡು, ತಲೆಯಾಡಿಸಿ ಕೆಂಪನ್ನು ಇನ್ನೂ ಜೋರು ಮಾಡಿದ.

ಏನಾದರೂ ಹೇಳಲೇಬೇಕು.

"ಎಲವೋ ಸೇನಾಪತಿ!" ಎಂದ ಗುಮಾಸ್ತ. ಆಮೇಲೆ ಎದುರಿಗಿದ್ದ ಮುಖ ನೋಡುತ್ತಿದ್ದಂತೆ, ಹೊಟ್ಟೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಮಾತುಗಳು ತಾವೇ ತಾವಾಗಿ ಎದ್ದು ಬಂದವು. "ಹೊತ್ತು ನೆತ್ತಿಗೇರಿದ ಮೇಲೆ ಬರುವವನೇ! ಬಂದವನು ಮೇಜಿಗೆ ತಲೆಯಾನಿಸಿ ಗೊರಕೆ ಹೊಡೆಯುವವನೇ!"

"ಅಪ್ಪಣೆ, ಪ್ರಭು!" ಎಂದರು ಮ್ಯಾನೇಜರ್. ಪಾತ್ರದಲ್ಲಿ ಅವರಿಗಿದ್ದುದು ಅದೊಂದೇ ಮಾತು. ಅದನ್ನು ಕಲಿತ ಮೇಲೆ ಅವರು ತಾಲೀಮಿನ ಕಡೆ ತಲೆಹಾಕಿರಲಿಲ್ಲ.

"ದುಡಿಯುವವರು ನಾವು, ಬೆನ್ನು ತಟ್ಟಿಸಿಕೊಳ್ಳುವವನು ನೀನು!"

"ಅಪ್ಪಣೆ, ಪ್ರಭು!"

ಸಿಬ್ಬಂದಿ ಬೆಂಚು ಹತ್ತಿ ಕೂಗಿದರು. ಶಿಳ್ಳೆಗೆ ಚಾವಣಿ ಹಾರಿಹೋಗುವುದೊಂದು ಬಾಕಿ. ಇಂಥ ಚಪ್ಪಾಳೆಯನ್ನು ಜನ್ಮದಲ್ಲೇ ಕೇಳಿರದ ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾದರು. ಮಂಡಿಯೂರಿದಲ್ಲಿಂದಲೇ ಪಿಸುಗುಟ್ಟಿದರು: "ಭೇಷ್ ಕಣ್ರೀ! ಏನು ಬರೆದಿದಾನ್ರೀ ನಾಟಕದವನು! ನಾಳೆ ಬೆಳಿಗ್ಗೆನೇ ನಿಮ್ಮ ಮೇಜು ಕಿಟಕಿ ಪಕ್ಕ."

ಗುಮಾಸ್ತನಿಗೆ ಆನಂದದಿಂದ ಕಣ್ಣಲ್ಲಿ ನೀರು ಬಂತು. ಸಾಹೇಬರಿಗೆ ಏನೂ ಗೊತ್ತಾಗಿಲ್ಲ! ಬದುಕಿದೆ!

ಇನ್ನು ಸೇನಾಪತಿಗೆ ಹಾರ ಹಾಕುವ ಘಟ್ಟ. ಕ್ಯಾಷಿಯರ್ ಸಂಭ್ರಮದಿಂದ ಹಸಿರು ದೀಪ ಹಾಕಿದ.

ಹಸಿರು ಬೆಳಕು ಬಿದ್ದದ್ದೇ ತಡ, ಕೆಂಪು ಅಕ್ಷರಗಳೆಲ್ಲ ಕಾಡಿಗೆಯಲ್ಲಿ ಬರೆದ ಹಾಗೆ ಕಪ್ಪಗೆ ಎದ್ದು ನಿಂತವು. ಹಾರಕ್ಕೆ ಕೊರಳು ಚಾಚಿದ್ದ ಮ್ಯಾನೇಜರ್ ಕಣ್ಣು ನೇರ ಕಂಬದ ಮೇಲೆ ಬಿತ್ತು. ಅವರು ನಿಧಾನವಾಗಿ, ಸಭೆಗೆಲ್ಲ ಕೇಳುವ ಹಾಗೆ ಓದತೊಡಗಿದರು:

"ಪ್ರಿಯ ಸೇನಾಪತಿ... ಸೂರ್ಯನಿಗಿಂತ ಮೊದಲು ಏಳುವವನು ನೀನು... ನಿನ್ನಂಥ ದುಡಿಮೆಗಾರ ಈ ರಾಜ್ಯದಲ್ಲೇ ಇನ್ನೊಬ್ಬನಿಲ್ಲ..."

ಓದಿ ಮುಗಿಸಿ, ಹಾರವನ್ನು ಪಕ್ಕಕ್ಕೆ ಸರಿಸಿ ರಾಜನ ಕಡೆ ತಿರುಗಿದರು.

"ಇದರಲ್ಲಿ ಗೊರಕೆ ಎಲ್ಲಿದೆ, ಸ್ವಲ್ಪ ತೋರಿಸ್ರೀ."