ದೀಪದ ಗೂಡಿರುವ ತರಕಾರಿ ಕಟ್ಟೆ

ತರಕಾರಿ ಬೆಳೆಯಬೇಕಾದರೆ ಮನುಷ್ಯ ನೆಲಕ್ಕೆ ಬಗ್ಗಲೇಬೇಕು ಎಂದು ಯಾರು ನಿಯಮ ಮಾಡಿದರೋ ಕಾಣೆ. ಅವರ ಮಂಡಿ ಗಟ್ಟಿಯಿದ್ದಿರಬೇಕು. ನನ್ನ ಹೆಂಡತಿ ಸರೋಜಳದು ಹಾಗಿಲ್ಲ. ಹೋದ ಮಳೆಗಾಲದಲ್ಲಿ, ಹಾಸನದ ನಮ್ಮ ಮನೆಯ ಹಿತ್ತಲಲ್ಲಿ ಮೆಂತ್ಯದ ಸೊಪ್ಪು ಕೀಳುತ್ತಾ ಕೂತಿದ್ದವಳು ಏಳಲು ಹೋಗಿ ಬಿದ್ದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಮೊದಲು ಎಡಗೈ ಊರಿದಳು, ಕೈ ಜಾರಿತು, ಆಮೇಲೆ ಮಂಡಿ ಕಲ್ಲಿಗೆ ಬಡಿಯಿತು. ಇಷ್ಟನ್ನೂ ಕಣ್ಣಾರೆ ಕಂಡ ನಾನು ಮೊದಲು ಮಾಡಿದ್ದೇನೆಂದರೆ, ಕೈಯಲ್ಲಿದ್ದ ಕಾಫಿ ಲೋಟವನ್ನು ಚೆಲ್ಲದಂತೆ ಕಿಟಕಿಯಲ್ಲಿ ಇಟ್ಟದ್ದು. ಅದನ್ನು ಅವಳು ಇಂದಿಗೂ ನೆಂಟರಿಗೆಲ್ಲ ಹೇಳುತ್ತಾಳೆ.

ಮಂಡಿ ಸುಧಾರಿಸಿತು. ಆದರೆ ಅವಳು ಹಿತ್ತಲಿಗೆ ಹೋಗುವುದನ್ನೇ ಬಿಟ್ಟಳು. ಬೀಜದ ಡಬ್ಬಿ ಅಟ್ಟ ಸೇರಿತು. ಸಂತೆಯ ಸೊಪ್ಪನ್ನು ಮಾತಿಲ್ಲದೆ ಬಿಡಿಸುವ ಅವಳನ್ನು ನೋಡಲಾಗದೆ, ಅವಳು ಬಗ್ಗಲಾಗದಿದ್ದರೆ ಮಣ್ಣೇ ಮೇಲೆ ಬರಲಿ ಎಂದು ತೀರ್ಮಾನಿಸಿದೆ. ಸೊಂಟದೆತ್ತರಕ್ಕೆ ಇಟ್ಟಿಗೆ ಕಟ್ಟಿಸಿ ಒಳಗೆ ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ ತುಂಬುವುದು. ದೊಡ್ಡಗದ್ದವಳ್ಳಿಯಿಂದ ಗಾರೆ ಕೆಲಸದ ಕೆಂಚಪ್ಪ ಬಂದ.

"ಸೊಂಟದೆತ್ರದ ಕಟ್ಟೆ ತಾನೇ ಸಾ? ನಮ್ಮೂರ್ ತುಂಬಾ ನಾನೇ ಕಟ್ಟಿವ್ನಿ, ಸುಮ್ಕಿರಿ" ಎಂದ.

ಸುಮ್ಮನಿದ್ದೆ. ಅದೇ ತಪ್ಪಾದದ್ದು. ಕೆಲಸ ಮುಗಿದ ಸಂಜೆ ಆಫೀಸಿನಿಂದ ಬಂದು ನೋಡಿದರೆ, ಹಿತ್ತಲಲ್ಲಿ ಮಂಚದಷ್ಟು ಅಗಲದ ತುಳಸಿಕಟ್ಟೆ! ಮೂಲೆಮೂಲೆಗೂ ಸಿಮೆಂಟಿನ ತಾವರೆಮೊಗ್ಗು, ಎದುರಿಗೆ ಮೇಲಿನ ಸಾಲಿನಲ್ಲಿ ದೀಪದ ಗೂಡು.

"ಇದು ಬದನೆಕಾಯಿಗೆ ಕಣಯ್ಯಾ. ಗೂಡು ಯಾಕೆ?"

"ಗೂಡಿಲ್ದೆ ಕಟ್ಟೆ ಎಂಗ್ ಕಟ್ಟಾದು ಸಾ? ಬೋಳ್‌ಬೋಳಾಗಿ ಕಾಣಾಕಿಲ್ವಾ?"

ಸರೋಜ ಬಾಗಿಲಿಂದಲೇ ನೋಡಿದಳು. "ದೀಪದ ಗೂಡಿರೋ ಕಟ್ಟೇಲಿ ಯಾರಾದ್ರೂ ಈರುಳ್ಳಿ ಹಾಕ್ತಾರೇನ್ರೀ?" ಎಂದು ಒಳಗೆ ಹೋದಳು. ನಾನೇ ಮಣ್ಣು ತುಂಬಿದೆ. ಮರುದಿನ ಪಕ್ಕದ ಮನೆಯ ಪುಟ್ಟಮ್ಮನವರು ಅಂಚಿನ ಮೇಲೊಂದು ದಾಸವಾಳವಿಟ್ಟು ಕೈಮುಗಿದು ಹೋದರು. ಬಾಕಿ ಕೂಲಿಗೆ ಬಂದ ಕೆಂಚಪ್ಪನಿಗೆ ಗೂಡು ಒಡೆದುಬಿಡು ಎಂದರೆ, "ಬ್ಯಾಡಿ ಸಾ, ಅಂಥಾ ಕೆಲ್ಸಕ್ಕೆ ನನ್ ಕೈ ಏಳಾಕಿಲ್ಲ" ಎಂದ.

ಗೂಡು ಕತ್ತಲಲ್ಲಿರಬಾರದೆಂದು ಒಂದು ಸಂಜೆ ಸರೋಜಳೇ ದೀಪ ತಂದಿಟ್ಟಳು. ಆಮೇಲೆ ದಿನಾ ಇಡತೊಡಗಿದಳು. ದೀಪವಿಟ್ಟು ಕೈ ತೆಗೆದರೆ ಮಣ್ಣು ಅಲ್ಲೇ, ಬಗ್ಗುವ ಮಾತೇ ಇಲ್ಲ. ಒಂದು ಸಂಜೆ ಹುಲ್ಲೊಂದನ್ನು ಕಿತ್ತಳು. ಇನ್ನೊಂದು ಸಂಜೆ ಹೆಂಟೆ ಒಡೆದಳು. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದೆ. ಈ ಸಲ ಕೈಯಲ್ಲಿ ಲೋಟವಿರಲಿಲ್ಲ. ಅವಳು ಒಳಗೆ ಬಂದು, ನನ್ನ ಮುಖ ನೋಡದೆ, "ಅಟ್ಟದಿಂದ ಬೀಜದ ಡಬ್ಬಿ ಇಳಿಸ್ಕೊಡಿ" ಎಂದಳು.

"ಈರುಳ್ಳಿ ಹಾಕ್ತೀಯಾ?"

"ಈರುಳ್ಳಿ ಬೇಡ. ಮೆಂತ್ಯ, ಬದನೆ ಹಾಕಿದ್ರೆ ದೇವ್ರು ಏನೂ ಅನ್ನಲ್ಲ."

ಈಗ ಮೆಂತ್ಯ ಎರಡು ಸಲ ಸಾರಿಗೆ ಬಂದಿದೆ; ಬದನೆ ಗಿಡದಲ್ಲಿ ಹೆಬ್ಬೆರಳಿನಷ್ಟು ಕಾಯಿ. ನಿನ್ನೆ ಮುಟ್ಟಿ ನೋಡೋಣವೆಂದು ಹೋದೆ. "ರೀ, ಚಪ್ಪಲಿ!" ಎಂದು ಕೂಗಿದಳು. ಬದನೆಕಾಯಿಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವ ಗಂಡಸು ಹಾಸನದಲ್ಲಿ ನಾನೊಬ್ಬನೇ ಇರಬೇಕು. ನಾನು ಕೈಯನ್ನೂ ಮುಗಿದೆ ಎಂದು ಪುಟ್ಟಮ್ಮನವರು ಹೇಳಿಕೊಂಡು ಬರುತ್ತಿದ್ದಾರಂತೆ. ಅದು ಸುಳ್ಳು ಎನ್ನಲು ನನಗೂ ಧೈರ್ಯ ಸಾಲದು.