ಪಾದ್ರಿಗಳು ಬಿಟ್ಟ ಖಾಲಿ ಜಾಗ

ನನ್ನ ಇಂಗ್ಲಿಷಿನ ಬಗ್ಗೆ ದುದ್ದ ಹೋಬಳಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನನಗಂತೂ ಇರಲೇ ಇಲ್ಲ. ಐವತ್ತರ ದಶಕದಲ್ಲಿ ಅಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದೆ.

ಆಗ ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಜಾಗ ಖಾಲಿಯಾಯಿತು. ಅದು ನನ್ನ ಹೆಂಡತಿ ಪುಟ್ಟಲಕ್ಷ್ಮಿಯ ತವರೂರು. ಅವಳ ತಾಯಿಗೆ ಕಣ್ಣು ಮಂಜಾಗಿತ್ತು. ಸುದ್ದಿ ಕೇಳಿದ ದಿನವೇ ಅವಳು ಟ್ರಂಕು ತುಂಬಿಟ್ಟಳು.

ಹಾಸನದಲ್ಲಿ ನನಗೆ ಪರಿಚಯದ ಸ್ಪೇನ್ ದೇಶದ ಪಾದ್ರಿಯೊಬ್ಬರಿದ್ದರು. ಅವರ ಶಿಫಾರಸು ಪತ್ರ ಸಿಕ್ಕರೆ ಕೆಲಸ ಆದಂತೆಯೇ! ಕೇಳಿದೆ. ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. ಆದರೆ ನಡುವೆ ಚುಕ್ಕಿಗಳನ್ನಿಟ್ಟು ಒಂದಿಷ್ಟು ಜಾಗ ಬಿಟ್ಟರು.

“ಮೇಷ್ಟ್ರೇ, ‘ಪ್ರಾಮಾಣಿಕರು, ಆದರೆ ಸ್ವಲ್ಪ’ ಅಂತ ಬರೆದಿದ್ದೇನಲ್ಲ, ಅಲ್ಲಿ ನಮ್ಮ ಭಾಷೆಯ ‘ಮನಿಯಾತಿಕೊ’ ಬರಬೇಕು. ಇಂಗ್ಲಿಷ್ ಪದ ಹೊಳೆಯುತ್ತಿಲ್ಲ. ನೀವೇ ತುಂಬಿ, ಶನಿವಾರ ಮಧ್ಯಾಹ್ನದೊಳಗೆ ಶಾಲೆಗೆ ಕೊಡಿ.”

“ಹಾಗೆಂದರೆ?”

“ಬೇರೆಯವರ ಮನೆಯ ಪಟ ಸೊಟ್ಟಗಿದ್ದರೂ ನೆಟ್ಟಗೆ ಮಾಡುವವನು. ಹಾಕಿದ ಬೀಗವನ್ನು ಮೂರು ಸಲ ಜಗ್ಗುವವನು.”

ಅಂಥವರೂ ಇರುತ್ತಾರೆಯೇ ಎಂದು ನಗುತ್ತಾ, ಅವರ ಮಸಿಕುಡಿಕೆಯನ್ನು ಮೇಜಿನ ಅಂಚಿಗೆ ಸಮನಾಗಿ ಸರಿಸಿ ಎದ್ದುಬಂದೆ. ಆ ಪದಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಅನುವಾದ ಎಂದಮೇಲೆ ಅನುವಾದ!

ನಾಲ್ಕು ದಿನ ಡಿಕ್ಷನರಿ ಮಗುಚಿದೆ. ‘ಫಸ್ಸಿ’ ಎಂದರೆ ಹಟಮಾರಿ ಕೂಸಿಗಾಯಿತು. ‘ಪರ್ಟಿಕ್ಯುಲರ್’ನಲ್ಲಿ ಬೀಗ ಬಂತು, ಜಗ್ಗುವುದು ಬರಲಿಲ್ಲ. ‘ಮೇನಿಯಾಕ್’ ಹಾಕಿದರೆ ಕೆಲಸದ ಬದಲು ಆಸ್ಪತ್ರೆಗೆ ಸೇರಿಸುತ್ತಾರೆ.

“ಒಳ್ಳೇವ್ರು ಅಂತ ಬರ್ದು ಕೊಟ್ಬುಡಿ,” ಎಂದಳು ಪುಟ್ಟಲಕ್ಷ್ಮಿ.

“ಅದು ಆ ಪದದ ಅರ್ಥವಲ್ಲ!”

“ಗೊತ್ತು ಕಣ್ರೀ.”

ಶುಕ್ರವಾರ ಅರಕಲಗೂಡಿಗೆ ಹೊರಟೆ. ನನಗೆ ಪಾಠ ಹೇಳಿದ ಹಳೆಯ ಹೆಡ್‌ಮೇಷ್ಟ್ರು ಅಲ್ಲಿದ್ದರು. ಅವರ ಹತ್ತಿರ ನನ್ನದಕ್ಕಿಂತ ದಪ್ಪನೆಯ ಡಿಕ್ಷನರಿಯಿತ್ತು. ಹಾಸನ ತಲುಪಿದ ಮೇಲೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಶಂಕೆ. ವಾಪಸು ಹೋಗಿ ನೋಡಿದೆ. ಹಾಕಿದ್ದೆ. ಪುಟ್ಟಲಕ್ಷ್ಮಿ ಒಳಗಿದ್ದಳು.

ಅವಳ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಅರಕಲಗೂಡು ಸೇರುವಾಗ ಸಂಜೆ. “‘ಫಸ್ಸಿ’ ಅಂತ ಹಾಕಯ್ಯ, ಸಾಕು,” ಎಂದರು ಹೆಡ್‌ಮೇಷ್ಟ್ರು.

“ಬೀಗ ಜಗ್ಗೋದು ಅದ್ರಲ್ಲಿ ಬತ್ತದಾ ಸಾ?”

ಅವರು ಡಿಕ್ಷನರಿ ಮುಚ್ಚಿದರು.

ಶನಿವಾರ ಬೆಳಿಗ್ಗೆ ಅಲ್ಲಿಂದಲೇ ಚನ್ನರಾಯಪಟ್ಟಣಕ್ಕೆ ಹೊರಟೆ. ಹೊಳೇನರಸೀಪುರದ ಹತ್ತಿರ ಒಂದು ಪದ ಹೊಳೆಯಿತು. ಕುಲುಕುವ ಬಸ್ಸಿನಲ್ಲಿ ಬರೆದರೆ ಅಕ್ಷರ ಸೊಟ್ಟಗಾಗುತ್ತದೆ. ಸ್ಟ್ಯಾಂಡಿನಲ್ಲಿ ಇಳಿದು, ಕಲ್ಲುಬೆಂಚು ಒರೆಸಿ, ಕಾಗದ ಬಿಡಿಸಿ, ಪೆನ್ನಿನ ನಿಬ್ಬು ಒರೆಸಿದೆ. ಅಷ್ಟರಲ್ಲಿ ಆ ಪದವೂ ಹಿಡಿಸಲಿಲ್ಲ. ಬಸ್ಸು ಹೋಗಿತ್ತು.

ಶಾಲೆ ಮುಟ್ಟಿದಾಗ ನಾಲ್ಕು ಗಂಟೆ. “ಮದ್ಯಾನ್ನವೇ ಮುಗ್ದೋಯ್ತು ಸಾ,” ಎಂದರು ಗುಮಾಸ್ತರು. “ಇನ್ನೊಬ್ರಿಗೆ ಆಯ್ತು. ಅವ್ರ ಕಾಗದದಲ್ಲಿ ಒಳ್ಳೇವ್ರು ಅಂತಿತ್ತು.”

ಮನೆಯಲ್ಲಿ ಪುಟ್ಟಲಕ್ಷ್ಮಿ ಬೈಯಲಿಲ್ಲ. ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಸೋಮವಾರ ಪಾದ್ರಿಗಳ ಮುಂದೆ ಪತ್ರವಿಟ್ಟು, “ಪದ ಸಿಗಲಿಲ್ಲ,” ಎಂದೆ.

ಅವರು ಪೆನ್ಸಿಲ್ ತೆಗೆದುಕೊಂಡು ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದರು.

ನೋಡಿದೆ. ಹೆಸರು ಚುಕ್ಕಿಗಳ ಮೇಲೆ ಸರಿಯಾಗಿ ಕೂತಿರಲಿಲ್ಲ, ಒಂದು ಕಡೆಗೆ ವಾಲಿತ್ತು. ರಬ್ಬರು ಕೇಳಿ ಪಡೆದು, ಅಳಿಸಿ, ನೆಟ್ಟಗೆ ಬರೆದುಕೊಟ್ಟು ಬಂದೆ.